‘ಇದು ಹೊಸ ಜಾತಿನಾ?’ ಎನ್ನುವವರಿಗೂ ‘ಯಾಕೆ ಕೊಂದಿರಿ?’ ಎನ್ನುವವರಿಗೂ ಒಂದೇ ಪತ್ರ

ಗೆಳೆಯರೇ,

ಜೀರುಂಡೆಗಳನ್ನು, ಅಂದರೆ ಗಟ್ಟಿ ಬೆನ್ನಿನ ಹುಳಗಳನ್ನು, ಅಭ್ಯಾಸ ಮಾಡುವ ನನಗೆ ಬರುವ ಸಂದೇಶಗಳಲ್ಲಿ ಎರಡು ಬಗೆ ಜಾಸ್ತಿ. ಒಂದು ಫೋಟೋ ಜೊತೆ ಬರುವಂಥದ್ದು. ಎಲೆಯ ಮೇಲೆ ಕೂತ ಒಂದು ಜೀರುಂಡೆ, ಮಿರಮಿರ ಮಿಂಚುವ ಬೆನ್ನು, ಕೆಳಗೆ ಒಂದೇ ಸಾಲು: "ಇದು ಹೊಸ ಜಾತಿ ಇರಬಹುದಾ? ಎಲ್ಲಿ ಹುಡುಕಿದರೂ ಸಿಗ್ತಿಲ್ಲ." ಇನ್ನೊಂದು ಬಗೆಯದರಲ್ಲಿ ಫೋಟೋ ಇರುವುದಿಲ್ಲ, ಸಿಟ್ಟು ಇರುತ್ತದೆ. "ಇಷ್ಟು ಅಪರೂಪದ ಹುಳ ಅಂತ ನೀವೇ ಬರೀತೀರಿ, ಮತ್ತೆ ಅದನ್ನೇ ಸೂಜಿಗೆ ಚುಚ್ಚಿ ಇಡ್ತೀರಿ. ನಾಚಿಕೆ ಆಗಲ್ವಾ?"

ಇಷ್ಟು ದಿನ ಮೊದಲನೆಯವರಿಗೆ "ಫೋಟೋ ನೋಡಿ ಹೇಳಲು ಆಗುವುದಿಲ್ಲ" ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಎರಡನೆಯವರಿಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಈಚೆಗೆ ಒಂದೇ ದಿನ ಒಬ್ಬರಿಂದಲೇ ಎರಡೂ ಬಂದವು. ಬೆಳಿಗ್ಗೆ ಫೋಟೋ ಕಳಿಸಿ ಹೊಸದಾ ಎಂದು ಕೇಳಿದರು. ಹುಳ ಕೈಗೆ ಬಾರದೆ ಹೇಳಲಾರೆ ಎಂದೆ. ಸಂಜೆ ಹೊತ್ತಿಗೆ, "ಅಂದರೆ ಸಾಯಿಸಿ ಕಳಿಸಬೇಕಾ? ನಿಮ್ಮ ಹೆಸರು ಬರಲಿ ಅಂತ ನಾನು ಪಾಪ ಕಟ್ಟಿಕೊಳ್ಳಲಾ?" ಎಂದು ಬಂತು. ಅಲ್ಲಿಗೆ ಮಾತು ನಿಂತಿತು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಒಂದು ಸಾಲಲ್ಲಿ ಮುಗಿಸಿದ ನನ್ನ ಉತ್ತರವೇ ಸರಿಯಿರಲಿಲ್ಲ. ಅದಕ್ಕೇ ಈ ಉದ್ದನೆಯ ಪತ್ರ.

ಮೊದಲಿಗೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನೀವು ಕಂಡ ಹುಳ ನಿಜವಾಗಲೂ ಹೊಸದಿರಬಹುದು. ಸುಮ್ನೆ ಖುಷಿಪಡಿಸಲು ಹೇಳುತ್ತಿಲ್ಲ. ಈವರೆಗೆ ಹೆಸರು ಪಡೆದ ಜೀರುಂಡೆಗಳೇ ಸುಮಾರು 4 ಲಕ್ಷ ಜಾತಿ. (ಪುಸ್ತಕದ ಮಾತಲ್ಲಿ ಪ್ರಭೇದ. ನಾನು ಜಾತಿ ಎಂದೇ ಬರೆಯುತ್ತೇನೆ.) 2015ರ ಒಂದು ಅಂದಾಜಿನ ಪ್ರಕಾರ ಭೂಮಿಯ ಮೇಲೆ ಒಟ್ಟು ಇರುವುದು ಸುಮಾರು 15 ಲಕ್ಷ. ಅಂದರೆ ಹೆಸರಿರುವುದಕ್ಕಿಂತ ಇಲ್ಲದ್ದೇ ಹೆಚ್ಚು. ಟೆರ್ರಿ ಅರ್ವಿನ್ ಎಂಬ ವಿಜ್ಞಾನಿ ಪನಾಮಾದ ಕಾಡಿನಲ್ಲಿ ಒಂದೇ ಜಾತಿಯ 19 ಮರಗಳಿಗೆ ಕೀಟನಾಶಕದ ಹೊಗೆ ಹಾಕಿ, ಕೆಳಗೆ ಉದುರಿದ್ದನ್ನೆಲ್ಲ ಹಾಸಿನ ಮೇಲೆ ಹಿಡಿದರು. ಅದರಲ್ಲಿ ಸುಮಾರು 1,200 ಜಾತಿಯ ಜೀರುಂಡೆಗಳಿದ್ದವು! 1982ರಲ್ಲಿ ಅದನ್ನೇ ಹಿಡಿದುಕೊಂಡು, ಉಷ್ಣವಲಯದ ಕೀಟ ಮತ್ತು ಅವುಗಳ ಬಂಧುಬಳಗವೆಲ್ಲ ಸೇರಿ 3 ಕೋಟಿ ಜಾತಿ ಇರಬಹುದು ಎಂದು ಲೆಕ್ಕ ಹಾಕಿದರು. ಆ ಲೆಕ್ಕ ಅತಿಯಾಯಿತು ಎಂದು ಆಮೇಲಿನವರು ಇಳಿಸಿದ್ದಾರೆ. ಇಳಿಸಿದ ಮೇಲೂ ಉಳಿದಿರುವ ಕೆಲಸ ನಮ್ಮ ಆಯುಸ್ಸಿನಲ್ಲಿ ಮುಗಿಯುವಂಥದ್ದಲ್ಲ.

ಹಾಗಾಗಿ ಹೊಸ ಹುಳಕ್ಕೆ ಬರ ಇಲ್ಲ. ಅದರ ಮುಂದೆ ಕೂತು ಕೆಲಸ ಮಾಡುವವರಿಗೆ ಬರ. ಹುಳ ಸಿಕ್ಕ ದಿನದಿಂದ ಅದಕ್ಕೆ ಹೆಸರು ಬೀಳುವ ದಿನದವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ ಎಂದು 2012ರ ಒಂದು ಅಧ್ಯಯನ ಹೇಳಿತು. ಜೀರುಂಡೆ ಮಾತ್ರ ಅಲ್ಲ, ಎಲ್ಲ ಬಗೆಯ ಜೀವಿಗಳನ್ನೂ ಸೇರಿಸಿದ ಸರಾಸರಿ ಇದು. ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಅವರ ಹೆಸರನ್ನು ಇಟ್ಟ ಜೀರುಂಡೆಯ ಸುದ್ದಿ 2019ರಲ್ಲಿ ನೀವು ಓದಿರಬಹುದು. ನೆಲ್ಲೋಪ್ಟೋಡ್ಸ್ ಗ್ರೆಟೆ ಅಂತ. ಕಣ್ಣಿಲ್ಲ, ರೆಕ್ಕೆ ಇಲ್ಲ, ಒಂದು ಮಿಲಿಮೀಟರೂ ಇಲ್ಲ. ಅದನ್ನು ಕೀನ್ಯಾದ ಮಣ್ಣಿನಿಂದ ಹೆಕ್ಕಿದ್ದು 1960ರ ದಶಕದಲ್ಲಿ! ಐವತ್ತಕ್ಕೂ ಹೆಚ್ಚು ವರ್ಷ ಅದು ಹೆಸರಿಲ್ಲದೆ ಉಳಿದು, ಆಮೇಲೆ ಸೇರಿದ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ತನ್ನ ಸರದಿ ಕಾಯುತ್ತಾ ಇತ್ತು. ಹೆಸರು ಕೊಟ್ಟ ಹುಡುಗಿ ಆಗಿನ್ನೂ ಹುಟ್ಟಿರಲೇ ಇಲ್ಲ.

ಈಗ ನಿಮ್ಮ ಫೋಟೋಗೆ ಬರೋಣ.

ನಿಮ್ಮ ಫೋಟೋದಲ್ಲಿ ನಿಮಗೆ ಕಾಣುವುದು ಬಣ್ಣ. ನನಗೆ ಕಾಣುವುದು, ಕಾಣದೆ ಉಳಿದ ಭಾಗಗಳು. ಹೊಟ್ಟೆಯ ಕಡೆ ಹೇಗಿದೆ? ಮೀಸೆಯಲ್ಲಿ ಎಷ್ಟು ಗೆಣ್ಣು? ಹಿಂಗಾಲಿನ ಪಾದದಲ್ಲಿ ಐದು ತುಂಡಾ, ನಾಲ್ಕಾ? ಈ ಐದು ನಾಲ್ಕರ ಲೆಕ್ಕದಲ್ಲೇ ಹುಳ ಒಂದು ಮನೆತನದಿಂದ ಇನ್ನೊಂದು ಮನೆತನಕ್ಕೆ ಹೋಗಿಬಿಡುತ್ತದೆ. ಬೆನ್ನ ಮೇಲಿನ ಗಟ್ಟಿ ರೆಕ್ಕೆಗಳಲ್ಲಿ ಉದ್ದುದ್ದ ಗೀರುಗಳಿವೆಯಾ, ಗೀರುಗಳ ಒಳಗೆ ಚುಕ್ಕಿ ಚುಕ್ಕಿ ಗುಳಿಗಳಿವೆಯಾ, ಗುಳಿಗಳ ನಡುವಿನ ಜಾಗ ನುಣುಪಾಗಿದೆಯಾ, ಇಲ್ಲಾ ಮೀನಿನ ಹುರುಪೆಯ ಹಾಗೆ ಸಣ್ಣ ಜಾಲ ಇದೆಯಾ? ಅದನ್ನು ನೋಡಬೇಕಾದರೆ ಸೂಕ್ಷ್ಮದರ್ಶಕದ ಬೆಳಕಿಗೆ ಟ್ರೇಸಿಂಗ್ ಕಾಗದದ ಒಂದು ಸುರುಳಿ ಅಡ್ಡ ಇಡಬೇಕು. ಇಲ್ಲದಿದ್ದರೆ ಹೊಳಪು ಕಣ್ಣಿಗೆ ಹೊಡೆದು ಏನೂ ಕಾಣುವುದಿಲ್ಲ. ನಿಮ್ಮ ಫೋಟೋದಲ್ಲಿ ತುಂಬ ಚೆಂದ ಬಂದಿರುವ ಆ ಮಿಂಚು ಇದೆಯಲ್ಲ, ನನಗೆ ಅದೇ ದೊಡ್ಡ ತೊಂದರೆ.

ಇಷ್ಟೆಲ್ಲ ನೋಡಿದ ಮೇಲೂ ಎಷ್ಟೋ ಸಲ ತೀರ್ಮಾನ ಸಿಗುವುದಿಲ್ಲ. ಹೊರಗಿನಿಂದ ಅವಳಿ ಜವಳಿ ಹಾಗೆ ಕಾಣುವ ಎರಡು ಹುಳಗಳು ಬೇರೆ ಬೇರೆ ಜಾತಿಯವಾಗಿರುತ್ತವೆ. ಆಗ ಒಳಗೆ ನೋಡಬೇಕು. ಮುಜುಗರ ಬೇಡ, ನೇರವಾಗಿ ಹೇಳುತ್ತೇನೆ: ಗಂಡು ಹುಳದ ಜನನಾಂಗವನ್ನು ನೋಡಬೇಕು.

ಅದನ್ನು ಹೇಗೆ ಮಾಡುತ್ತೇವೆ ಗೊತ್ತಾ? ಒಣಗಿದ ಹುಳವನ್ನು ಬಿಸಿನೀರಲ್ಲಿ ನೆನೆಹಾಕುತ್ತೇನೆ. ಮೂರು ಮಿಲಿಮೀಟರ್ ಹುಳ ಅಂದುಕೊಳ್ಳಿ, ಸಾಸಿವೆ ಕಾಳಿಗಿಂತ ಸ್ವಲ್ಪ ಉದ್ದ. ಹತ್ತು ಹದಿನೈದು ನಿಮಿಷಕ್ಕೆ ಕೀಲುಗಳು ಸಡಿಲವಾಗುತ್ತವೆ. ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿದ ಅತಿ ಸಣ್ಣ ಸೂಜಿಯನ್ನು ಹೊಟ್ಟೆಯ ಕೊನೆಯಲ್ಲಿ ತೂರಿಸಿ ಮೆಲ್ಲಗೆ ಎಳೆಯುತ್ತೇನೆ. ಈ ಹೊತ್ತಲ್ಲಿ ಯಾರಾದರೂ ಬಾಗಿಲು ಬಡಿದರೆ ಮುಗಿಯಿತು. ಹೊರಬಂದದ್ದು ಮಾಂಸ ಅಂಟಿದ ಒಂದು ಕಂದು ಚೂರು. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ನೀರಲ್ಲಿ ಬೆಚ್ಚಗೆ ಇಟ್ಟರೆ ಮಾಂಸ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಆಮೇಲೆ ಒಂದು ಹನಿ ಗ್ಲಿಸರಿನ್‌ನಲ್ಲಿ ಇಟ್ಟು ನೋಡಿದರೆ, ಜೇನಿನ ಬಣ್ಣದ, ಬಾಗಿದ ಒಂದು ಕೊಳವೆ. ತುದಿ ಒಂದು ಜಾತಿಯಲ್ಲಿ ಚಮಚದ ಹಾಗೆ, ಪಕ್ಕದ ಜಾತಿಯಲ್ಲಿ ಈಟಿಯ ಹಾಗೆ. ಹೊರಗೆ ಎಳ್ಳಷ್ಟೂ ವ್ಯತ್ಯಾಸ ತೋರಿಸದ ಹುಳ ಇಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಇದು ಬೀಗ ಮತ್ತು ಬೀಗದ ಕೈ ಇದ್ದಂತೆ, ಒಂದು ಜಾತಿಯದು ಇನ್ನೊಂದಕ್ಕೆ ಕೂಡುವುದಿಲ್ಲ ಎಂದು ಫ್ರಾನ್ಸಿನ ಕೀಟತಜ್ಞ ಲಿಯೋನ್ ಡುಫೂರ್ 1844ರಲ್ಲೇ ಹೇಳಿದ್ದರು. ಕಾರಣ ಅದೊಂದೇ ಅಲ್ಲ ಎಂದು ಈಗ ವಾದ ಇದೆ. ಕಾರಣ ಏನೇ ಇರಲಿ, ನಮ್ಮ ಕೆಲಸಕ್ಕೆ ಈ ಗುರುತಿನಷ್ಟು ನಂಬಿಕೆಯದು ಇನ್ನೊಂದಿಲ್ಲ.

ತಿರುಗಾಮುರುಗಾ ಕೂಡ ಆಗುತ್ತದೆ. ಹಾರ್ಮೋನಿಯಾ ಆಕ್ಸಿರಿಡಿಸ್ ಎಂಬ ಗುಲಗಂಜಿ ಹುಳಕ್ಕೆ ನೂರಕ್ಕೂ ಹೆಚ್ಚು ಬಣ್ಣದ ರೂಪಗಳಿವೆ. ಕೆಂಪು ಬೆನ್ನಿಗೆ ಕಪ್ಪು ಚುಕ್ಕಿ, ಕಪ್ಪು ಬೆನ್ನಿಗೆ ಕೆಂಪು ಚುಕ್ಕಿ, ಚುಕ್ಕಿಯೇ ಇಲ್ಲದ್ದು. ಹತ್ತನ್ನು ಸಾಲಾಗಿ ಇಟ್ಟರೆ ಹತ್ತು ಜಾತಿ ಎಂದು ಯಾರಾದರೂ ಹೇಳಿಯಾರು. ಎಲ್ಲ ಒಂದೇ. ಕೊಂಬಿನ ಜೀರುಂಡೆಗಳಲ್ಲಿ ಚೆನ್ನಾಗಿ ಮೇವು ಸಿಕ್ಕಿ ಬೆಳೆದ ಗಂಡಿಗೆ ದೊಡ್ಡ ಕೊಂಬು, ಅರೆಹೊಟ್ಟೆಯಲ್ಲಿ ಬೆಳೆದದ್ದಕ್ಕೆ ಹೆಸರಿಗೊಂದು ಮೊಟಕು, ಹೆಣ್ಣಿಗೆ ಅದೂ ಇಲ್ಲ. ಒಂದೇ ಸಂಸಾರದ ಈ ಮೂವರಿಗೂ ಬೇರೆ ಬೇರೆ ಹೆಸರಿಟ್ಟ ಉದಾಹರಣೆಗಳು ಹಳೆಯ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆದ್ದರಿಂದಲೇ ನಿಮ್ಮ ಫೋಟೋದ ಹುಳ ಬೇರೆ ಥರ ಕಾಣುತ್ತಿದೆ ಎಂದರೆ ನಾನು ಜಿಗಿದು ಕುಣಿಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನಾನೂ ಒಮ್ಮೆ ಕುಣಿದಿದ್ದೆ. ಆ ಕತೆ ಹೇಳದೆ ಈ ಪತ್ರ ಮುಂದೆ ಹೋಗುವುದಿಲ್ಲ.

ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಕಪ್ಪು ಮೈ, ಕೆಂಪು ಕಾಲಿನ ಒಂದು ಹುಳ ಸಿಕ್ಕಿತು. ಆ ಕುಲದ ಬಗ್ಗೆ (ಹತ್ತಿರದ ನಂಟಿರುವ ಜಾತಿಗಳ ಗುಂಪಿಗೆ ಕುಲ ಎನ್ನುತ್ತೇವೆ) ನನ್ನ ಹತ್ತಿರ ಇದ್ದ ಎಲ್ಲ ಬರಹ ತಿರುವಿ ಹಾಕಿದೆ. ಗುರುತು ಹಚ್ಚುವ ಕೀಲಿಯಲ್ಲಿ ಪ್ರತಿ ಹೆಜ್ಜೆಗೂ ಎರಡೇ ದಾರಿ ಇರುತ್ತವೆ, ಹೀಗಿದ್ದರೆ ಇಲ್ಲಿ, ಹಾಗಿದ್ದರೆ ಅಲ್ಲಿ. ನನ್ನ ಹುಳ ಎಲ್ಲ ದಾರಿಯಲ್ಲೂ ನಡೆದು ಕೊನೆಗೆ ಗೋಡೆಗೆ ಹೋಗಿ ನಿಂತಿತು. ಹೊಸದೇ! ಚಿತ್ರ ಬರೆದೆ, ವಿವರಣೆ ಬರೆದೆ, ಹೆಸರನ್ನೂ ಆರಿಸಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂತಾರಲ್ಲ, ಅದೇ. ಕಳಿಸುವ ಮುನ್ನ ಓದಿ ನೋಡಿದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಪಕ್ಕದ ಕುಲದಲ್ಲಿ ನೋಡಿದಿರಾ?"

ನೋಡಿರಲಿಲ್ಲ. ಹುಡುಕಿದಾಗ ಹತ್ತೊಂಬತ್ತನೇ ಶತಮಾನದ ಒಂದು ಬರಹದಲ್ಲಿ ಲ್ಯಾಟಿನ್‌ನಲ್ಲಿ ಆರು ಸಾಲು ಸಿಕ್ಕವು. ಕಪ್ಪು, ಹೊಳಪು, ಕಾಲು ಕೆಂಪು, ಹೆಚ್ಚು ಕಮ್ಮಿ ಅಷ್ಟೇ. ಅಂಥ ಆರು ಸಾಲು ನೂರು ಹುಳಗಳಿಗೆ ಹೊಂದುತ್ತದೆ. ಅದು ನನ್ನ ಹುಳವೋ ಅಲ್ಲವೋ ಎಂದು ಆ ಸಾಲುಗಳಿಂದ ತಿಳಿಯುವ ದಾರಿಯೇ ಇರಲಿಲ್ಲ. ಇದ್ದದ್ದು ಒಂದೇ ದಾರಿ: ಆ ಲೇಖಕ ಯಾವ ಹುಳವನ್ನು ಮುಂದಿಟ್ಟುಕೊಂಡು ಬರೆದಿದ್ದನೋ ಆ ಹುಳವನ್ನೇ ನೋಡುವುದು. ಅದು ಒಂದು ಹಳೆಯ ಸಂಗ್ರಹಾಲಯದಲ್ಲಿತ್ತು. ಅಲ್ಲಿಯವರಿಗೆ ಬರೆದೆ. ಅವರು ಡ್ರಾಯರ್ ಎಳೆದು, ಹುಳ ತೆಗೆದು, ನಾನು ಕೇಳಿದ ಕೋನಗಳಲ್ಲೆಲ್ಲ ಫೋಟೋ ತೆಗೆದು ಕಳಿಸಿದರು. ತಲೆಯ ಮೇಲಿನ ಗುಳಿಗಳು, ಕಾಲಿನ ಮುಳ್ಳು, ಎದೆಗವಚದ ಅಂಚು, ಒಂದೊಂದೂ ತಾಳೆಯಾಯಿತು. ನನ್ನ ‘ಹೊಸ’ ಹುಳಕ್ಕೆ ನೂರು ವರ್ಷಕ್ಕೂ ಹಿಂದೆಯೇ ನಾಮಕರಣ ಆಗಿತ್ತು.

ಬರೆದದ್ದೆಲ್ಲ ಹರಿದು ಹಾಕಿದೆ. ಅವಮಾನ ಆಯಿತು, ನಿಜ. ಆದರೆ ಯೋಚಿಸಿ. ನೂರು ವರ್ಷದ ಹಿಂದೆ ಯಾರೋ ಒಂದು ಹುಳವನ್ನು ಕೊಂದು, ಸೂಜಿಗೆ ಏರಿಸಿ, ಚೀಟಿ ಬರೆದು ಇಟ್ಟಿದ್ದರು. ಅವರ ನಂತರ ಯಾರ್ಯಾರೋ ಅದಕ್ಕೆ ಗೆದ್ದಲು, ಬೂಷ್ಟು ಹಿಡಿಯದಂತೆ ಕಾದಿದ್ದರು. ಆ ಸತ್ತ ಹುಳ ಇಲ್ಲದೆ ಹೋಗಿದ್ದರೆ ನನ್ನ ತಪ್ಪು ಅಚ್ಚಾಗಿ ಹೋಗುತ್ತಿತ್ತು. ಮುಂದಿನವರು ಅದರ ಮೇಲೆ ಇನ್ನೊಂದು ತಪ್ಪು ಪೇರಿಸುತ್ತಿದ್ದರು.

ಆ ಒಂದು ಹುಳಕ್ಕೆ ನಾವು ಹೋಲೋಟೈಪ್ ಎನ್ನುತ್ತೇವೆ. ಪೆಟ್ಟಿಗೆಯಲ್ಲಿ ಅದರ ಕೆಳಗೆ ಕೆಂಪು ಚೀಟಿ ಇರುತ್ತದೆ. ಒಂದು ಜಾತಿಯ ಹೆಸರು ಕೊನೆಗೆ ನೇತಾಡುವುದು ಆ ಒಂದು ಹುಳದ ಮೇಲೆ. ವಿವರಣೆ ತಪ್ಪಿರಬಹುದು, ಚಿತ್ರ ಕೆಟ್ಟದಾಗಿರಬಹುದು. ಹುಳ ಇದ್ದರೆ ಮತ್ತೆ ಹೋಗಿ ನೋಡಬಹುದು. ಪ್ರಾಣಿಗಳಿಗೆ ಹೆಸರಿಡಲು ಇಡೀ ಜಗತ್ತು ಒಪ್ಪಿದ ಒಂದು ನಿಯಮಾವಳಿ ಇದೆ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಹೊರತಂದ ಪುಸ್ತಕದಿಂದ ಅದರ ಲೆಕ್ಕ ಶುರು. ಮೊದಲು ಇಟ್ಟ ಹೆಸರೇ ಗೆಲ್ಲುತ್ತದೆ, ನನ್ನ ಕೆಂಪುಕಾಲಿನ ಹುಳದ ವಿಷಯದಲ್ಲಿ ಆದ ಹಾಗೆ. ಹೆಸರಿನ ಜೊತೆ, ಈ ಹುಳ ಬೇರೆಯವಕ್ಕಿಂತ ಎಲ್ಲಿ ಬೇರೆ ಎಂದು ಬರೆದಿರಬೇಕು. ಬರೀ ಫೋಟೋ ಹಾಕಿ ಒಂದು ಲ್ಯಾಟಿನ್ ಹೆಸರು ತೇಲಿಬಿಟ್ಟರೆ ಅದನ್ನು ನೋಮೆನ್ ನೂಡಮ್ ಅನ್ನುತ್ತಾರೆ, ಬೆತ್ತಲೆ ಹೆಸರು. ಲೆಕ್ಕಕ್ಕಿಲ್ಲ. 2000ದಿಂದ ಈಚೆಗೆ, ಯಾವ ಹುಳದ ಮೇಲೆ ಹೆಸರು ನಿಂತಿದೆ, ಅದು ಯಾವ ಸಂಗ್ರಹದಲ್ಲಿರುತ್ತದೆ ಎಂದೂ ಬಿಡಿಸಿ ಹೇಳಲೇಬೇಕು.

ಈಗ ಸಿಟ್ಟಾದವರ ಕಡೆ ತಿರುಗುತ್ತೇನೆ.

ಹೌದು, ಕೊಲ್ಲುತ್ತೇನೆ. ಗಾಜಿನ ಬಾಟಲಿ, ತಳದಲ್ಲಿ ಕಾಗದದ ಉಂಡೆ, ಅದಕ್ಕೆ ಎರಡು ಹನಿ ಇಥೈಲ್ ಅಸಿಟೇಟ್. ಡಿಎನ್‌ಎ ಬೇಕಿದ್ದರೆ ನೇರ ಆಲ್ಕೋಹಾಲ್. ಸ್ವಲ್ಪ ಹೊತ್ತು ಕಾಲಾಡಿಸಿ ಸುಮ್ಮನಾಗುತ್ತದೆ. ಎಷ್ಟು ವರ್ಷ ಆದರೂ ಆ ಹೊತ್ತಲ್ಲಿ ನಾನು ಬೇರೆ ಕಡೆ ನೋಡುತ್ತೇನೆ. "ಹೇಗೂ ಈ ಹುಳ ಇನ್ನೆರಡು ತಿಂಗಳಲ್ಲಿ ಸಾಯುತ್ತಿತ್ತು" ಎಂದು ಕೆಲವರು ಸಮಾಧಾನ ಹೇಳುತ್ತಾರೆ. "ನಿಮ್ಮ ಕಾರಿನ ಗಾಜಿಗೆ ಒಂದು ರಾತ್ರಿಯಲ್ಲಿ ಇದಕ್ಕಿಂತ ಜಾಸ್ತಿ ಸಾಯುತ್ತವೆ" ಎನ್ನುವ ವಾದವೂ ಇದೆ. ಎರಡೂ ನಿಜವೇ, ಆದರೆ ಎರಡೂ ನೆಪ. ಗೊತ್ತಿದ್ದೂ ಬೇಕೆಂದೇ ಕೊಲ್ಲುವವರು ಅದರ ಹಿಂದೆ ಅಡಗಬಾರದು.

ಕೊಲ್ಲದೆ ಹೆಸರಿಡಲು ಆಗಲ್ವಾ? ಒಮ್ಮೊಮ್ಮೆ ಆಗುತ್ತದೆ. 2015ರಲ್ಲಿ ದಕ್ಷಿಣ ಆಫ್ರಿಕಾದ ಒಂದು ನೊಣಕ್ಕೆ ಬರೀ ಫೋಟೋಗಳ ಆಧಾರದ ಮೇಲೆ ಹೆಸರಿಟ್ಟರು, ಮಾರ್ಲಿಮಿಯಾ ಕ್ಸೈಲೊಕೋಪೆ ಎಂದು. ನಿಯಮ ಅದಕ್ಕೆ ಅಡ್ಡಿ ಮಾಡಲಿಲ್ಲ. ದೊಡ್ಡ ಜಗಳವೇ ಎದ್ದಿತು. ನೂರಾರು ವರ್ಗೀಕರಣ ತಜ್ಞರು ಇದು ಸರಿಯಲ್ಲ ಎಂದು ಒಟ್ಟಾಗಿ ಬರೆದರು. ನನ್ನ ನಿಲುವು ಹೀಗಿದೆ. ಕಣ್ಣೆದುರು ಇರುವುದು ಕೊನೆಯ ನಾಲ್ಕೈದರಲ್ಲಿ ಒಂದು ಎಂಬ ಅನುಮಾನ ಇದ್ದರೂ ಸಾಕು, ಫೋಟೋ ತೆಗೆದು ಬಿಟ್ಟುಬಿಡಿ, ಹೆಸರು ಕಾಯಲಿ. ಆ ನೊಣಕ್ಕೆ ಮೈಮೇಲೆ ಎದ್ದು ಕಾಣುವ ಗುರುತುಗಳಿದ್ದವು. ಮೂರು ಮಿಲಿಮೀಟರ್ ಕಪ್ಪು ಜೀರುಂಡೆಗೆ ಆ ಭಾಗ್ಯ ಇಲ್ಲ. ಅದರ ಗುರುತು ಹೊಟ್ಟೆಯೊಳಗಿದೆ. ಅದಕ್ಕೆ ಹೆಸರು ಬೇಕೆಂದರೆ ಒಂದು ಹುಳವಾದರೂ ಮೇಜಿಗೆ ಬರಬೇಕು.

ಹೆಸರು ಯಾಕೆ ಬೇಕು ಎಂದೂ ಕೇಳುತ್ತೀರಿ. ನಮ್ಮ ಭಾಷೆಯಲ್ಲೇ ನೋಡಿ. ಜೀರುಂಡೆ ಎಂದರೆ ಒಬ್ಬರು ಗಟ್ಟಿ ಬೆನ್ನಿನ ಹುಳ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ಮರದ ಮೇಲೆ ಕೂತು ಜೀರ್ ಎಂದು ಕಿವಿ ತೂತು ಮಾಡುವ ಹುಳ ಎಂದುಕೊಳ್ಳುತ್ತಾರೆ. ದುಂಬಿ ಎಂದರೆ ಹೂವಿನ ಸುತ್ತ ಗುಂಯ್ ಎನ್ನುವ ಕಪ್ಪು ಜೇನಿನಂಥದ್ದೂ ಹೌದು, ಸಗಣಿ ಉರುಳಿಸುವುದೂ ಹೌದು. ಇಬ್ಬರೂ ಒಂದೇ ಹುಳದ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಖಾತ್ರಿ ಮಾಡಿಕೊಳ್ಳಲಾಗದಿದ್ದರೆ ಅದು ಕಮ್ಮಿ ಆಗುತ್ತಿದೆ ಎಂದು ಹೇಳುವುದಾದರೂ ಹೇಗೆ? ಹೆಸರಿಲ್ಲದ ಹುಳವನ್ನು ಯಾವ ಕಾನೂನಿನ ಪಟ್ಟಿಗೂ ಸೇರಿಸುವುದು ಕಷ್ಟ.

ಕೊಂದ ಮೇಲೆ ಅದಕ್ಕೆ ನ್ಯಾಯ ಸಲ್ಲಿಸುವುದು ಹೇಗೆ ಎಂಬುದು ನನಗೆ ಇನ್ನೂ ದೊಡ್ಡ ಪ್ರಶ್ನೆ. ಅಲ್ಲಿ ನಮ್ಮ ಕಡೆಯವರ ತಪ್ಪೂ ಬೇಕಾದಷ್ಟಿದೆ. ಒಂದು ಸಾಲದೆ ನಲವತ್ತು ಹಿಡಿಯುವವರಿದ್ದಾರೆ. ಮಾರುವವರಿದ್ದಾರೆ. ಸ್ಲೊವೇನಿಯಾದ ಗುಹೆಗಳಲ್ಲಿ ಕಣ್ಣಿಲ್ಲದ ಒಂದು ಕಂದು ಜೀರುಂಡೆ ಇದೆ. 1937ರಲ್ಲಿ ಅದಕ್ಕೆ ಅನೊಫ್ತಾಲ್ಮಸ್ ಹಿಟ್ಲೆರಿ ಎಂದು ಹೆಸರಿಟ್ಟರು. ಯಾರ ಮೇಲಿನ ಅಭಿಮಾನಕ್ಕೆ ಎಂದು ಹೇಳಬೇಕಿಲ್ಲ. ಆ ಹೆಸರಿನ ಸರಕಿಗೆ ಮುಗಿಬೀಳುವವರು ಈಗಲೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಪಾಪದ ಕುರುಡು ಹುಳ, ಹೆಸರಿನಿಂದಾಗಿ ಕುತ್ತು ತಂದುಕೊಂಡಿದೆ. ಹೆಸರು ಅಸಹ್ಯ ಎಂಬ ಕಾರಣಕ್ಕೆ ಅದನ್ನು ಬದಲಿಸಲು ನಿಯಮದಲ್ಲಿ ಅವಕಾಶವೂ ಇಲ್ಲ. ಹೆಸರಿಡುವುದನ್ನು ಹುಡುಗಾಟ ಅಂದುಕೊಂಡವರಿಗೆ ನಾನು ಈ ಕತೆ ಹೇಳುತ್ತೇನೆ. (ಹುಡುಗಾಟಕ್ಕೂ ಜಾಗ ಇದೆ ಅನ್ನಿ. ನ್ಯೂಗಿನಿಯ 101 ಹೊಸ ಸೊಂಡಿಲು ಹುಳಗಳಿಗೆ 2013ರಲ್ಲಿ ಒಟ್ಟಿಗೆ ಹೆಸರಿಡಬೇಕಾಗಿ ಬಂದಾಗ, ಹೆಸರು ಸಾಲದೆ ಟೆಲಿಫೋನ್ ಡೈರೆಕ್ಟರಿ ತೆರೆದುಕೊಂಡು ಕೂತಿದ್ದರು.)

ಇವೆಲ್ಲಕ್ಕಿಂತ ದೊಡ್ಡ ತಪ್ಪು ಯಾವುದು ಎಂದು ಕೇಳಿದರೆ, ಚೀಟಿ ಬರೆಯದಿರುವುದು ಎನ್ನುತ್ತೇನೆ. ಸೂಜಿಯ ಕೆಳಗೆ, ಹುಳಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಚೂರು ಕಾಗದ. ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ದಿನ, ಯಾವ ಗಿಡದ ಮೇಲೆ ಅಥವಾ ಯಾವ ಬೆಳಕಿಗೆ, ಯಾರ ಕೈಗೆ. ಇಷ್ಟೇ. ಇದಿಲ್ಲದಿದ್ದರೆ ಎಷ್ಟೇ ಚೆಂದದ ಹುಳವೂ ಬರೀ ಹೆಣ. ಅದು ಎಲ್ಲಿ ಬದುಕುತ್ತಿತ್ತು, ಈಗಲೂ ಇದೆಯಾ ಎಂದು ಹೋಗಿ ನೋಡುವ ದಾರಿ ಮುಚ್ಚಿತು. ಪ್ರಾಣ ಹೋದದ್ದು ಸುಮ್ಮನೆ ಹೋಯಿತು.

ಚೀಟಿ ಇದ್ದರೆ ಎಷ್ಟು ಕಾಲ ಕಾಯಬಹುದು ಗೊತ್ತಾ? 1832ರಲ್ಲಿ ಇಪ್ಪತ್ಮೂರರ ಹುಡುಗ ಚಾರ್ಲ್ಸ್ ಡಾರ್ವಿನ್ ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದಲ್ಲಿ ಒಂದು ಜೀರುಂಡೆ ಹಿಡಿದ. ಅದು ಲಂಡನ್ನಿಗೆ ಬಂತು. ಸಂಗ್ರಹದ ಗದ್ದಲದಲ್ಲಿ ಎಲ್ಲೋ ಸೇರಿಹೋಗಿ, ಕಳೆದೇ ಹೋಯಿತು ಎಂದುಕೊಂಡಿದ್ದರು. ಸ್ಟಿಲಿಯಾನೋಸ್ ಚಾಟ್ಜಿಮನೋಲಿಸ್ ಎಂಬ ತಜ್ಞರು ಎರವಲು ತರಿಸಿದ ಹುಳಗಳನ್ನು ನೋಡುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಜೊತೆಗಿದ್ದ ಚೀಟಿಯಿಂದ ಯಾರದ್ದು, ಎಲ್ಲಿಯದ್ದು ಎಂದು ತಿಳಿಯಿತು. 2014ರಲ್ಲಿ ಡಾರ್ವಿನಿಲಸ್ ಸೆಡಾರಿಸಿ ಎಂದು ಹೆಸರಾಯಿತು. ಜಾತಿ ಮಾತ್ರ ಅಲ್ಲ, ಕುಲವೇ ಹೊಸದು. ಹಿಡಿದು 180 ವರ್ಷಕ್ಕೂ ಹೆಚ್ಚು. ಇನ್ನೊಂದು ಕಡೆ, 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್‌ನ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಬೆಂಕಿ ಬಿತ್ತು. ಅಲ್ಲಿನ ಕೀಟ ಸಂಗ್ರಹದ ಬಹುಪಾಲು ಬೂದಿಯಾಯಿತು. ಎಷ್ಟೋ ಜಾತಿಗಳ ಹೆಸರು ನೇತಾಡುತ್ತಿದ್ದ ಆ ಒಂದೊಂದೇ ಹುಳಗಳೂ ಅದರಲ್ಲಿ ಸೇರಿದ್ದವು. ಹುಳ ಕೊಂದಿದ್ದಕ್ಕೆ ನನ್ನ ಮೇಲೆ ಬಂದ ಸಿಟ್ಟಿನಲ್ಲಿ ಕಾಲು ಭಾಗವಾದರೂ ಇಂಥ ಕಟ್ಟಡಗಳಿಗೆ ನೀರಿನ ಪೈಪು ಹಾಕಿಸದವರ ಮೇಲೆ ಬರಲಿ ಎಂದು ಆಸೆ.

"ಇಷ್ಟೆಲ್ಲ ಯಾಕೆ, ಡಿಎನ್‌ಎ ಮಾಡಿಸಿ" ಎನ್ನುವವರಿಗೆ ಒಂದೆರಡು ಮಾತು. ಮಾಡಿಸುತ್ತೇವೆ. ಒಂದು ಕಾಲು ಮುರಿದು ಕೊಟ್ಟರೆ ಸಾಕು, 658 ಅಕ್ಷರಗಳ ಒಂದು ಗುರುತಿನ ಸಾಲು ಬರುತ್ತದೆ. ಗಂಡು ಹೆಣ್ಣು ಜೋಡಿಸಲು, ಮರಿಹುಳ ಯಾವುದರದ್ದು ಎಂದು ತಿಳಿಯಲು ಇದರಂಥದ್ದು ಇಲ್ಲ. ಆದರೆ ಆ ಸಾಲನ್ನು ಯಾವುದರ ಜೊತೆ ಹೋಲಿಸುವುದು? ಹೆಸರಿರುವ ಎಷ್ಟೋ ಜೀರುಂಡೆಗಳ ಡಿಎನ್‌ಎ ಯಾರೂ ಓದಿಯೇ ಇಲ್ಲ. "ಎಲ್ಲೂ ಹೊಂದಲಿಲ್ಲ" ಎಂದರೆ ಹೊಸದು ಎಂದೇನೂ ಅಲ್ಲ. ನೀವು ಗೂಗಲ್‌ನಲ್ಲಿ ಹುಡುಕಿ ಸಿಗಲಿಲ್ಲ ಎನ್ನುವುದಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಇನ್ನು ನಿಮ್ಮಿಂದ ನನಗೆ ಬೇಕಾಗಿರುವುದು. ಫೋಟೋ ಕಳಿಸುತ್ತಲೇ ಇರಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು, ಪಕ್ಕದಲ್ಲಿ ಅಳತೆಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಯಾವ ಗಿಡ ಎಂದು ಗೊತ್ತಿಲ್ಲದಿದ್ದರೆ ಗಿಡದ ಫೋಟೋ ಕೂಡ. ಜೀವಂತ ಹುಳವನ್ನು ನೀವು ಕೊಲ್ಲಬೇಡಿ, ಅದು ನಿಮ್ಮ ಹೊರೆ ಅಲ್ಲ. ಕಾಯ್ದಿಟ್ಟ ಕಾಡಿನಿಂದ ಅನುಮತಿ ಇಲ್ಲದೆ ಏನನ್ನೂ ಎತ್ತಿಕೊಂಡು ಬರಬೇಡಿ. ಅದು ಕಾನೂನಿಗೂ ತಪ್ಪು, ಅಂಥ ಹುಳದ ಮೇಲೆ ಬರೆಯಲು ನಮಗೂ ಆಗುವುದಿಲ್ಲ. ಆದರೆ ಬೆಳಿಗ್ಗೆ ದೀಪದ ಕೆಳಗೆ ಗುಡಿಸುವಾಗ ಸಿಗುವ ಸತ್ತ ಹುಳ ಇದೆಯಲ್ಲ, ಅದನ್ನು ಕಸಕ್ಕೆ ಹಾಕಬೇಡಿ. ಸೆಲ್ಲೋಟೇಪ್ ಹಚ್ಚಬೇಡಿ, ಅಂಟು ಬಿಡಿಸುವಾಗ ಕಾಲು ಮುರಿಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಬರುತ್ತದೆ. ಕಾಗದವನ್ನು ಪೊಟ್ಟಣದ ಹಾಗೆ ಮಡಿಚಿ ಒಳಗಿಡಿ. ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನು ಬೇಡ, ತೇವ ತಾಗಿದರೆ ಶಾಯಿ ಹರಡುತ್ತದೆ.

ಆಮೇಲೆ ತಾಳ್ಮೆ ಇರಲಿ. ಒಂದು ವರ್ಷಕ್ಕೆ ಉತ್ತರ ಬಂದರೆ ಬೇಗ ಬಂತು ಎಂದೇ ತಿಳಿಯಿರಿ. ಹೊಸದಾಗಿದ್ದರೆ ನಿಮ್ಮ ಹೆಸರೇ ಇಡುತ್ತೇನೆ ಎಂದು ಮಾತು ಕೊಡಲಾರೆ. ಚೀಟಿಯಲ್ಲಿ ಮಾತ್ರ ಹಿಡಿದವರ ಹೆಸರಾಗಿ ನೀವು ಖಂಡಿತ ಇರುತ್ತೀರಿ, ಹಳೆಯ ಜಾತಿಯಾದರೂ ಸರಿ.

ಸಿಟ್ಟಾದವರೂ ಒಮ್ಮೆ ಹತ್ತಿರದ ಸಂಗ್ರಹಾಲಯಕ್ಕೆ ಹೋಗಿ, ಕೇಳಿ ಒಂದು ಡ್ರಾಯರ್ ತೆಗೆಸಿ ನೋಡಿ. ಹುಳಗಳನ್ನು ನೋಡಿ ಸಾಕಾದರೆ ಅವುಗಳ ಕೆಳಗಿನ ಚೀಟಿ ಓದಿ. ಈಗ ಕಟ್ಟಡಗಳಿರುವ ಜಾಗಗಳ ಹೆಸರು ಅಲ್ಲಿ ಸಿಗುತ್ತವೆ, ಕೆಲವದರ ಪಕ್ಕ ‘ಕೆರೆ ದಂಡೆ’ ಎಂದು ಬರೆದಿರುತ್ತದೆ. ಅದನ್ನು ಓದಿದ ಮೇಲೂ ಸಿಟ್ಟು ಉಳಿದರೆ ಬರೆಯಿರಿ. ಈ ಸಲ ಉತ್ತರ ಕೊಡುತ್ತೇನೆ.

ಕೊನೆಗೆ ಒಂದು ಹುಡುಕಾಟ. ಕಳೆದ ವಾರ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ನಾಲ್ಕು ಮಿಲಿಮೀಟರ್ ಉದ್ದದ ಕಂದು ಹುಳ, ಗಂಡು, ಬಲಮೀಸೆಯ ತುದಿ ಮುರಿದಿದೆ. ಎದೆಗವಚದ ಹಿಂದಿನ ಮೂಲೆಯಲ್ಲಿ ಎರಡು ಗುಳಿ ಇವೆ. ಈ ಕುಲದಲ್ಲಿ ನಾನು ನೋಡಿದ ಎಲ್ಲದರಲ್ಲೂ ಇರುವುದು ಒಂದೇ. ಪಕ್ಕದ ಕುಲಗಳನ್ನೂ ಈ ಸಲ ನೋಡಿದ್ದೇನೆ. ಪೊಟ್ಟಣದ ಮೇಲೆ ತಾರೀಖು ಇದೆ, "ರಾತ್ರಿ ಎಂಟೂವರೆ, ವರಾಂಡದ ಬಲ್ಬು" ಎಂದೂ ಇದೆ. ಊರಿನ ಹೆಸರನ್ನು ಮಾತ್ರ ಪೆನ್ನಲ್ಲಿ ಬರೆದಿದ್ದಾರೆ. ಮಳೆಗೆ ಸಿಕ್ಕಿ ನೀಲಿ ಕಲೆಯಾಗಿದೆ. ಕಳಿಸಿದವರ ವಿಳಾಸವೂ ಅದರೊಳಗೇ ಹೋಗಿದೆ. ಅದು ನಿಮ್ಮದಾಗಿದ್ದರೆ ದಯವಿಟ್ಟು ಬರೆಯಿರಿ, ಯಾವ ವರಾಂಡ ಅದು?

ಇಂತಿ,
ನಿಮ್ಮ ಹುಳಗಳಿಗಾಗಿ ಕಾಯುತ್ತಿರುವ
ಒಬ್ಬ ಜೀರುಂಡೆ ಅಭ್ಯಾಸಿ